ಎಲೆ, ಎಲೆ, ಅಡಿಕೆ: ಮಕ್ಕಳಿಗೆ ಪ್ಯಾಟರ್ನ್ ಕಲಿಸುವುದು ಹೇಗೆ?

ಕೆಂಪು, ಹಳದಿ, ಕೆಂಪು, ಹಳದಿ. ಮುಂದೇನು ಅಂತ ಕೇಳಿದರೆ ಅಂಗನವಾಡಿ ಮಗುವೂ 'ಕೆಂಪು' ಅನ್ನುತ್ತದೆ. ಅಷ್ಟಕ್ಕೇ ಪ್ಯಾಟರ್ನ್ ಗೊತ್ತಾಯಿತು ಅಂದುಕೊಳ್ಳಬೇಡಿ. ಮಗು ಸುಮ್ನೆ ಒಂದು ಬಿಟ್ಟು ಒಂದು ಹೇಳುತ್ತಿರಬಹುದು. ಯಾವ ತುಂಡು ಮತ್ತೆ ಮತ್ತೆ ಬರುತ್ತಿದೆ ಅನ್ನುವುದು ಅದರ ಕಣ್ಣಿಗೆ ಬೀಳಬೇಕು. ಮುಂದೆ ಮಗ್ಗಿಗೂ ಬೀಜಗಣಿತಕ್ಕೂ ಬೇಕಾಗುವುದು ಇದೇ.

ಸಾಮಾನಿಗೆ ಖರ್ಚಿಲ್ಲ. ಸಕಲೇಶಪುರದ ಕಡೆಯವರಿಗೆ ಸಿಲ್ವರ್ ಓಕ್ ಎಲೆ, ಅಡಿಕೆ ಅಂಗಳದಲ್ಲೇ ಸಿಗುತ್ತವೆ. ಹಾಸನ ಪೇಟೆಯಲ್ಲಿದ್ದರೆ ಚಮಚ, ಲೋಟ ಸಾಕು. ತೀರಾ ಪುಟ್ಟ ಮಕ್ಕಳ ಕೈಗೆ ಕಾಳುಮೆಣಸು, ಕಾಫಿ ಬೀಜ ಮಾತ್ರ ಬೇಡ, ಮೂಗಿಗೆ ತುರುಕಿಕೊಳ್ಳುತ್ತಾರೆ. ಅಡಿಕೆ ಬಾಯಿಗೆ ಹೋಗುವ ವಯಸ್ಸಾದರೆ ಅದೂ ಬೇಡ.

ಮೊದಲು ನೀವೇ ಎಲೆ, ಎಲೆ, ಅಡಿಕೆ ಅಂತ ಮೂರು ಸಲ ಸಾಲಾಗಿ ಇಡಿ. ಒಂದೇ ಸಲ ಇಟ್ಟು ಮುಂದೇನು ಅಂದರೆ ಮಗು ಏನು ಹೇಳಿದರೂ ಸರಿಯೇ, ಅಲ್ವಾ? ಬೆರಳಿಟ್ಟು ಇಬ್ಬರೂ ಜೋರಾಗಿ ಓದಿ. ಕೆಳಗೆ ಅಂಥದ್ದೇ ಸಾಲು ಮಗು ಇಡಲಿ. ಆಮೇಲೆ ಮುಂದುವರಿಸಲಿ.

ಈಗ ನಡುವಿನ ಒಂದರ ಮೇಲೆ ಲೋಟ ಕವುಚಿ, ಒಳಗೇನಿದೆ ಅಂತ ಕೇಳಿ. ಒಂದು ಬಿಟ್ಟು ಒಂದು ಹೇಳುವ ಮಗು ಇಲ್ಲಿ ತಡವರಿಸುತ್ತದೆ. 'ತಪ್ಪು' ಅನ್ನಬೇಡಿ. ಮೊದಲಿಂದ ತಾಳ ಹಾಕಿ ಓದಿ. ಕಣ್ಣಿಗಿಂತ ಮೊದಲು ಎಷ್ಟೋ ಸಲ ಕಿವಿ ಹಿಡಿಯುತ್ತದೆ.

ಎಲ್ಲಿ ಮತ್ತೆ ಶುರುವಾಗುತ್ತದೋ ಅಲ್ಲಿ ಒಂದು ಕಡ್ಡಿ ಇಡಲು ಹೇಳಿ. ನನ್ನ ಮಟ್ಟಿಗೆ ಇದೇ ಅಸಲಿ ಪರೀಕ್ಷೆ. ಕಡ್ಡಿ ಸರಿಯಾಗಿ ಬಿದ್ದರೆ ಚಪ್ಪಾಳೆ, ಚಪ್ಪಾಳೆ, ಜಿಗಿತ ಮಾಡಿಸಿ. 'ಇದೂ ಅದೇ' ಅಂತ ಮಗು ಅಂದರೆ ಮುಂದಕ್ಕೆ ಹೋಗಬಹುದು.

ರಜೆಯಲ್ಲಿ ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದ ಪಟ್ಟಿಕೆಗಳ ಹತ್ತಿರ ಮಗುವನ್ನು ನಿಲ್ಲಿಸಿ. ಕೆಳಗೆ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ. ಆನೆಗಳು ಸಾಲಾಗಿದ್ದರೂ ಎಲ್ಲದರ ಭಂಗಿ ಒಂದೇ ಅಲ್ಲ. ಯಾವುದು ಬದಲಾಗಿದೆ, ಯಾವುದು ಹಾಗೇ ಇದೆ ಅಂತ ಕೇಳಿ. ಬಳ್ಳಿ ಮೇಲೇರಿ ಕೆಳಗಿಳಿದು ಮತ್ತೆ ಏರುವುದನ್ನು ಮಗು ಗಾಳಿಯಲ್ಲೇ ಬೆರಳಾಡಿಸಿ ತೋರಿಸಲಿ. ಕಲ್ಲು ಮುಟ್ಟುವುದು ಬೇಡ.

ಒಂದನೇ, ಎರಡನೇ ಕ್ಲಾಸಿನವರಿಗೆ ಬೆಳೆಯುವ ಪ್ಯಾಟರ್ನ್ ಕೊಡಿ. ರಂಗೋಲಿ ಚುಕ್ಕಿ ಇಡುತ್ತೀರಲ್ಲ, 1, 3, 5, 7 ಅಂತ? ಸಾಲಿನಿಂದ ಸಾಲಿಗೆ ಎಷ್ಟು ಜಾಸ್ತಿ ಅಂತ ಕೇಳಿ. ಎರಡು ಅಂತ ಬೇಗ ಹೇಳುತ್ತಾರೆ. ಈಗ ಚುಕ್ಕಿ ಬದಲು ಕಲ್ಲು ತೆಗೆದುಕೊಳ್ಳಿ. ಮೂಲೆಯಲ್ಲಿ 1 ಕಲ್ಲು. ಅದರ ಪಕ್ಕ, ಮೇಲೆ, ಮೂಲೆಗೆ ಸೇರಿಸಿ 3 ಇಟ್ಟರೆ 4 ಕಲ್ಲಿನ ಚೌಕ. ಅದರ ಎರಡು ಬದಿಗೆ 5 ಸುತ್ತಿದರೆ 9 ಕಲ್ಲಿನ ಚೌಕ. ಮುಂದಿನ ಸುತ್ತಿಗೆ ಎಷ್ಟು ಬೇಕೋ ಅವರೇ ಎಣಿಸಿ ತರಲಿ. ನೀವು 7 ಅಂತ ಬಾಯಿ ಬಿಡಬೇಡಿ.