ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವುದು ಹೇಗೆ? ಡಿ ಡ್ರೈವ್ ಜೋಪಾನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಅಥವಾ ಅದರ ನಂತರದ ಜನರೇಷನ್ನಿನ ಪ್ರೊಸೆಸರ್ ಬೇಕು. 2015-16ರಲ್ಲಿ ಕೊಂಡ ಲ್ಯಾಪ್‌ಟಾಪುಗಳು ಇಲ್ಲೇ ಹೊರಗುಳಿಯುತ್ತವೆ. ಸ್ಕ್ರೀನ್ ಸರಿಯಿದೆ, ಕೀಬೋರ್ಡ್ ಸರಿಯಿದೆ, ಗುಜರಿಗೆ ಯಾಕೆ ಹಾಕಬೇಕು? ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ ಉಚಿತ ವ್ಯವಸ್ಥೆ ಲಿನಕ್ಸ್ ಹಾಕಿ. ಅದು ಕಷ್ಟದ ಕೆಲಸವಲ್ಲ. ಆದರೆ ಹಾಕುವ ಭರದಲ್ಲಿ ಮದುವೆ ಫೋಟೊ, ಮನೆ ಕಾಗದಪತ್ರ ಎಲ್ಲ ಕಳೆದುಕೊಂಡವರನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಈ ಲೇಖನ.

ಮೊದಲೇ ಒಂದು ಮಾತು. ನಿಮ್ಮ ಕೆಲಸ ಟ್ಯಾಲಿಯಲ್ಲಿ ನಡೆಯುತ್ತಿದ್ದರೆ, ಅಥವಾ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದರೆ, ಆ ಕಂಪ್ಯೂಟರನ್ನು ಮುಟ್ಟಬೇಡಿ. ಬ್ರೌಸರ್, ಮೇಲ್, ಬ್ಯಾಂಕ್, ಯೂಟ್ಯೂಬ್, ಪತ್ರ ಟೈಪ್ ಮಾಡುವುದು, ಮಕ್ಕಳ ಆನ್‌ಲೈನ್ ಕ್ಲಾಸು ಇಷ್ಟೇ ಆದರೆ ಧೈರ್ಯವಾಗಿ ಮುಂದುವರಿಯಿರಿ.

ಯಾವ ಲಿನಕ್ಸ್?

ಲಿನಕ್ಸ್ ಮಿಂಟ್. ಅದರಲ್ಲೂ 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್. ಇನ್ನೂ ಹತ್ತು ಹೆಸರು ಹೇಳುವವರು ಸಿಗುತ್ತಾರೆ, ಕೇಳಿ ಸುಮ್ಮನಾಗಿ. ಮಿಂಟ್ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ, ನೋಡೋಕೂ ವಿಂಡೋಸಿನ ಹಾಗೇ ಇದೆ.

ಪೆನ್‌ಡ್ರೈವ್ ತಯಾರಿ

ಮಿಂಟ್‌ನ ಅಧಿಕೃತ ವೆಬ್‌ಸೈಟಿನಿಂದ ಐಎಸ್‌ಒ ಫೈಲ್ (ಇಡೀ ಮಿಂಟ್ ಅಡಕವಾಗಿರುವ ಒಂದೇ ಕಡತ) ಇಳಿಸಿಕೊಳ್ಳಿ. 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶ ಬಳಸಿ ಬರೆಯಿರಿ. ಸುಮ್ನೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗಲ್ಲ, ಅಂದರೆ ಅದರಿಂದ ಕಂಪ್ಯೂಟರ್ ಶುರುವಾಗಲ್ಲ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ

ಶಿಫ್ಟ್ ಕೀ ಒತ್ತಿಕೊಂಡೇ ವಿಂಡೋಸ್ ಶಟ್‌ಡೌನ್ ಮಾಡಿ. ಹಾಗೆ ಮಾಡದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಅದು ಅರ್ಧ ನಿದ್ದೆಯಲ್ಲೇ ಇರುತ್ತದೆ. ಆಮೇಲೆ ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುತ್ತಲೇ ಕೀ ಒತ್ತಿ ಬೂಟ್ ಮೆನು ತೆರೆದು ಪೆನ್‌ಡ್ರೈವ್ ಆರಿಸಿ. ಸಾಮಾನ್ಯವಾಗಿ ಡೆಲ್, ಲೆನೊವೊಗಳಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9. ಡಿಸ್ಕಿಗೆ ಏನನ್ನೂ ಹಾಕದೆ ಮಿಂಟ್ ತೆರೆದುಕೊಳ್ಳುತ್ತದೆ. ವೈಫೈ, ಸೌಂಡ್, ಕ್ಯಾಮೆರಾ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮಿಂಟ್ ಹಾಕಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬಹುಪಾಲು ಅಲ್ಲೇ ಪರಿಹಾರ ಸಿಗುತ್ತದೆ.

ಇಲ್ಲಿ ನಿಧಾನ

ಎಲ್ಲ ಸರಿಯಿದ್ದರೆ ಮಿಂಟ್ ಪರದೆಯ ಮೇಲಿರುವ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಒತ್ತಿ. ಎಲ್ಲರೂ ಎಡವುವುದು ಡಿಸ್ಕಿನ ಬಗ್ಗೆ ಕೇಳುವ ಪರದೆಯಲ್ಲಿ. 'ಇರೇಸ್ ಡಿಸ್ಕ್ ಅಂಡ್ ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಎಂಬ ಆಯ್ಕೆ ಬರುತ್ತದೆ. 'ನನ್ನದೆಲ್ಲಾ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ' ಅಂತ ಒತ್ತುತ್ತಾರೆ. ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ಗೊತ್ತಿರುವುದೇ. ಅಂಗಡಿಯಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಿಕೊಡುವವರು ಸಿ ಡ್ರೈವ್ ಮಾತ್ರ ಅಳಿಸಿ ಡಿ ಡ್ರೈವನ್ನು ಹಾಗೇ ಬಿಡುತ್ತಾರೆ. ನಾವು ಅದಕ್ಕೇ ಒಗ್ಗಿಹೋಗಿದ್ದೇವೆ. ಆದರೆ ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಪಾಲುಗಳು. ಒಂದು ಸೈಟಿನ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ ಹಾಗೆ. ಇರೇಸ್ ಡಿಸ್ಕ್ ಅಂದರೆ ಇಡೀ ಸೈಟೇ ನೆಲಸಮ.

'ಸಮ್‌ಥಿಂಗ್ ಎಲ್ಸ್' ಆಯ್ಕೆ ಮಾಡಿ ಪಾಲು ಪಾಲಾಗಿ ನೋಡಬಹುದು. ಆದರೆ ಅಲ್ಲಿ ಸಿ, ಡಿ ಎಂಬ ಹೆಸರೇ ಇರಲ್ಲ. ಎಸ್‌ಡಿಎ1, ಎಸ್‌ಡಿಎ2 ಎಂದಿರುತ್ತದೆ. ಗಾತ್ರ ನೋಡಿ ಊಹಿಸಬೇಕು. ಊಹೆ ತಪ್ಪಿದರೆ ಮುಗಿಯಿತು. ಹೊಸಬರು ಅದರ ಸಹವಾಸಕ್ಕೆ ಹೋಗಬೇಡಿ.

ನನ್ನ ದಾರಿ ಬೇರೆ: ಹಳೇ ಹಾರ್ಡ್‌ಡಿಸ್ಕನ್ನೇ ಬಿಚ್ಚಿ ತೆಗೆದಿಡಿ. ಅದರ ಜಾಗಕ್ಕೆ 240 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕು) ಹಾಕಿ. ಆಗ ಇರೇಸ್ ಒತ್ತಿದರೂ ಅಳಿಸಲು ಅಲ್ಲಿ ಏನೂ ಇರುವುದಿಲ್ಲ. ಡೆಸ್ಕ್‌ಟಾಪ್ ಆದರೆ ಹಳೇ ಡಿಸ್ಕಿನ ಕೇಬಲ್ ಕಿತ್ತರೆ ಸಾಕು. ಹಳೇ ಲ್ಯಾಪ್‌ಟಾಪ್ ನಿಧಾನವಾಗುವುದಕ್ಕೆ ಹೆಚ್ಚಿನ ಪಾಲು ಕಾರಣ ಆ ತಿರುಗುವ ಡಿಸ್ಕೇ. ಎಸ್‌ಎಸ್‌ಡಿ ಹಾಕದೆ ಬರೀ ಲಿನಕ್ಸ್ ಹಾಕಿ 'ಅಷ್ಟೇನೂ ಫಾಸ್ಟ್ ಆಗಲಿಲ್ಲ' ಅನ್ನುವವರಿಗೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಎಸ್‌ಎಸ್‌ಡಿಯೂ ಸಿಗುತ್ತದೆ, ಹಳೇ ಡಿಸ್ಕಿಗೆ ಯುಎಸ್‌ಬಿ ಕೇಸಿಂಗೂ ಸಿಗುತ್ತದೆ. ಬಿಲ್, ವಾರಂಟಿ ಇಲ್ಲದ ಎಸ್‌ಎಸ್‌ಡಿ ಕೊಳ್ಳಬೇಡಿ. ಕೇಸಿಂಗಿಗೆ ಹಾಕಿದ ಹಳೇ ಡಿಸ್ಕು ಮಿಂಟ್‌ನಲ್ಲಿ ಪೆನ್‌ಡ್ರೈವ್ ತರಹ ತೆರೆದುಕೊಳ್ಳುತ್ತದೆ. ಫೋಟೊಗಳನ್ನು ನಿಧಾನವಾಗಿ ಕಾಪಿ ಮಾಡಿಕೊಳ್ಳಿ.

ಡಿಸ್ಕ್ ಬಿಚ್ಚುವ ಮುಂಚೆ ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಅದಿಲ್ಲದಿದ್ದರೆ ನಿಮ್ಮ ಡಿಸ್ಕು ನಿಮಗೇ ಬೀಗ ಹಾಕುತ್ತದೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಆಗಲೇ ಹೊರತೆಗೆಯಿರಿ.

ಡಿಸ್ಕ್ ಬದಲಿಸಲು ಆಗದಿದ್ದರೆ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಬೇರೆ ಕಂಪ್ಯೂಟರಿಗೆ ಹಾಕಿ, ಹತ್ತಾರು ಫೈಲ್ ನಿಜವಾಗಿ ತೆರೆದು ನೋಡಿ. ಇನ್‌ಸ್ಟಾಲ್ ಮುಗಿಯುವವರೆಗೆ ಅದನ್ನು ಜೋಡಿಸಲೇಬೇಡಿ. ಕೆಲವು ನೂರು ರೂಪಾಯಿಗೆ ಸಿಗುವ '2 ಟಿಬಿ' ಪೆನ್‌ಡ್ರೈವುಗಳು ಮೋಸದವು. ಕಾಪಿ ಆದ ಹಾಗೆ ತೋರಿಸುತ್ತವೆ, ತೆರೆದರೆ ಫೈಲ್ ಹಾಳಾಗಿರುತ್ತದೆ.

'ಇನ್‌ಸ್ಟಾಲ್ ನೌ' ಒತ್ತಿದ ಮೇಲೆ ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಯಾವ ಡಿಸ್ಕು ಬದಲಾಗುತ್ತದೆ ಎಂದು ಬರೆದಿರುತ್ತದೆ. ಓದಿ. ವಾಪಸ್ ಹೋಗಲು ಅದೇ ಕೊನೆಯ ಅವಕಾಶ.

ಉಳಿದದ್ದು

ಊರು, ಹೆಸರು, ಪಾಸ್‌ವರ್ಡ್ ಕೊಡಿ. ಡಿಸ್ಕಿನ ಪರದೆಗೆ ಮುಂಚೆಯೇ ಕೇಳುವ ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೊ ಓಡಿಸಲು ಬೇಕಾದದ್ದು) ಟಿಕ್ ಮಾಡಿರಿ. ಮುಗಿದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಒಮ್ಮೆ ಓಡಿಸಿ. 'ಬೂಸ್ಟರ್', 'ಕ್ಲೀನರ್' ಎಂಬ ಯಾವುದನ್ನೂ ಹಾಕಬೇಡಿ. ವಿಂಡೋಸಿಗೂ ಅವು ಬೇಕಿರಲಿಲ್ಲ.

ಕನ್ನಡ ಟೈಪಿಂಗಿಗೆ ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ ಕನ್ನಡ ಕಗಪ ಸೇರಿಸಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕೈಗೆ ಅದು ಬೇಗ ಒಗ್ಗುತ್ತದೆ. ಹಳೇ ನುಡಿ ಕಡತಗಳು ಲಿಬ್ರೆಆಫೀಸ್‌ನಲ್ಲಿ (ಮಿಂಟ್‌ನಲ್ಲಿ ಪತ್ರ ಟೈಪ್ ಮಾಡುವ ತಂತ್ರಾಂಶ) ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಕಡತ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೇ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿ ಫಾಂಟ್ ಕಾಪಿ ಮಾಡಿ, ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ.

ಪ್ರಿಂಟರ್ ವಿಷಯದಲ್ಲಿ ಎಚ್‌ಪಿಯ ಬಹುತೇಕ ಮಾಡೆಲ್‌ಗಳು ಚುಚ್ಚಿದ ಕೂಡಲೇ ನಡೆಯುತ್ತವೆ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900ಗೆ ಮಾತ್ರ ಕ್ಯಾಪ್ಟ್ ಎಂಬ ಪ್ರತ್ಯೇಕ ಡ್ರೈವರ್ ಬೇಕು, ಅದನ್ನು ಕೂರಿಸುವುದು ತಲೆನೋವು. ಮನೆಯಲ್ಲಿ ಆ ಪ್ರಿಂಟರ್ ಇದ್ದರೆ ಪಿಡಿಎಫ್ ಮಾಡಿ ಬೇರೆ ಕಂಪ್ಯೂಟರಿನಿಂದ ಪ್ರಿಂಟ್ ತೆಗೆಯಿರಿ.