ಬೋರ್ಡಿನ ಬಾಯಲ್ಲಿ ಐದು ವೋಲ್ಟ್

ಸುರತ್ಕಲ್ ಕಡೆ ಬಾಗಿಲು ಹಾಕಿದ ಒಂದು ವಿಡಿಯೋ ಗೇಮ್ ಪಾರ್ಲರಿನ ಕ್ಯಾಬಿನೆಟ್, ಗುಜರಿಗೆ ಹೋಗುವ ಮೊದಲು ನನ್ನ ಕೈಗೆ ಸಿಕ್ಕಿತು. ಒಳಗೆ ಇದ್ದದ್ದು ನಾವೆಲ್ಲ 'ಮುಸ್ತಫಾ' ಅಂತ ಕರೆಯುತ್ತಿದ್ದ ಆಟ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿಯ 1993ರ ಆಟ. ನನಗೆ ಸಿಕ್ಕಿದ್ದು ಆಟದ ಚಿಪ್ಪುಗಳು ಕೂತ ಅಸಲಿ ಬೋರ್ಡ್ ಅಲ್ಲ, ನಕಲು. ಪರವಾಗಿಲ್ಲ, ನಾನು ಒಂದೊಂದೇ ರೂಪಾಯಿ ಹಾಕಿ ಆಡಿದ್ದೂ ನಕಲಿನಲ್ಲೇ ಇರಬೇಕು.

ಆನ್ ಮಾಡಿದರೆ ಆಟ ಬರುತ್ತಿತ್ತು. ಹತ್ತು ನಿಮಿಷ ಕಳೆದರೆ ಸಾಕು, ರೀಸೆಟ್.

ಮೊದಲ ಅನುಮಾನ ಹಳೆ ಪವರ್ ಸಪ್ಲೈ ಮೇಲೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈ ಅದು, ಎತ್ತಿದರೆ ಕಡೆಯುವ ಕಲ್ಲಿನ ಭಾರ. ಕೆಪಾಸಿಟರುಗಳ ತಲೆ ಉಬ್ಬಿತ್ತು, ತಂತಿ ಕಟ್ಟುವ ಸ್ಕ್ರೂಗಳಿಗೆಲ್ಲ ಹಸಿರು ಕಿಲುಬು. ಸಮುದ್ರದ ಗಾಳಿ ಹೊಡೆಯುವ ಊರಲ್ಲಿ ಇನ್ನೆಂತ ಆಗ್ತದೆ? ರಿಪೇರಿ ಮಾಡಬಹುದಿತ್ತು. ಆದರೆ ಬಿಸಿಯಾಗುವ ಆ ವಸ್ತುವನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟು ನೆಮ್ಮದಿಯಾಗಿ ಮಲಗುವ ಜಾತಿ ನನ್ನದಲ್ಲ.

ಮನೆಯಲ್ಲಿ ಕಂಪ್ಯೂಟರಿನ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಸುಮ್ನೆ ಬಿದ್ದಿತ್ತು. ಎಲ್ಲರೂ ಮೊದಲು ಮಾಡುವುದು ಇದನ್ನೇ, ನಾನೂ ಮಾಡಿದೆ. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಅದು ಆನ್ ಆಗುತ್ತದೆ. ಕೆಂಪಿನಲ್ಲಿ 5 ವೋಲ್ಟ್, ಹಳದಿಯಲ್ಲಿ 12. ಆದರೆ ಹಳೆ ಗೇಮ್ ಬೋರ್ಡುಗಳಲ್ಲಿ ಕೆಲವಕ್ಕೆ ಮೈನಸ್ 5 ಕೂಡ ಬೇಕು, ಹೆಚ್ಚಾಗಿ ಸೌಂಡ್ ಭಾಗಕ್ಕೆ. ಹಿಂದಿನ ಕಂಪ್ಯೂಟರ್ ಸಪ್ಲೈಗಳಲ್ಲಿ ಬಿಳಿ ತಂತಿಯಲ್ಲಿ ಅದು ಬರುತ್ತಿತ್ತು. ಈಗಿನವುಗಳಲ್ಲಿ ಆ ತಂತಿಯೇ ಇಲ್ಲ, ನೀಲಿಯಲ್ಲಿ ಮೈನಸ್ 12 ಮಾತ್ರ.

ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಒಂದು 7905 ರೆಗ್ಯುಲೇಟರ್ ತಂದೆ, ಮೈನಸ್ 12 ಅನ್ನು ಮೈನಸ್ 5 ಮಾಡುವುದಕ್ಕೆ. ಪ್ಲಸ್ 5 ಕೊಡುವ 7805 ಕಟ್ಟಿದ ಅಭ್ಯಾಸದಲ್ಲಿ ಇದನ್ನೂ ಹಾಗೇ ಕಟ್ಟಿದೆ. ತಪ್ಪು. 7805ರಲ್ಲಿ ಮೊದಲ ಕಾಲು ಇನ್‌ಪುಟ್, ನಡುವಿನದು ಗ್ರೌಂಡ್. 7905ರಲ್ಲಿ ಮೊದಲನೆಯದು ಗ್ರೌಂಡ್, ನಡುವಿನದು ಇನ್‌ಪುಟ್. ಬೆನ್ನಿನ ಲೋಹದ ತಗಡು ಕೂಡ ಇನ್‌ಪುಟ್ಟೇ. ಅದನ್ನು, ಕರೆಂಟ್ ತಡೆಯುವ ಮೈಕಾ ಹಾಳೆ ಇಡದೆ, ಕ್ಯಾಬಿನೆಟ್ಟಿನ ಕಬ್ಬಿಣಕ್ಕೆ ಸ್ಕ್ರೂ ಮಾಡಿದರೆ ಮೈನಸ್ 12 ನೇರ ಗ್ರೌಂಡಿಗೆ. ಪುಣ್ಯಕ್ಕೆ ಬೋರ್ಡಿಗೆ ಜೋಡಿಸುವ ಮೊದಲೇ ಸುಟ್ಟ ವಾಸನೆ ಬಂತು. ಹತ್ತಿಪ್ಪತ್ತು ರೂಪಾಯಿಯ ಪಾಠ.

ಸರಿ ಮಾಡಿ ಹಾಕಿದೆ. ಸಪ್ಲೈ ಕನೆಕ್ಟರಿನಲ್ಲಿ 5.04 ವೋಲ್ಟ್. ಚೆನ್ನಾಗಿದೆ ಅಲ್ವಾ? ಹತ್ತು ನಿಮಿಷಕ್ಕೆ ರೀಸೆಟ್.

ಆಗ ದುಡ್ಡು ಖರ್ಚು ಮಾಡಿದೆ. ಗೇಮ್ ಕ್ಯಾಬಿನೆಟ್ಟಿಗೆಂದೇ ಬರುವ, ಪ್ಲಸ್ 5, ಪ್ಲಸ್ 12, ಮೈನಸ್ 5 ಮೂರೂ ಇರುವ ಸ್ವಿಚಿಂಗ್ ಸಪ್ಲೈ ತರಿಸಿದೆ. 5 ವೋಲ್ಟಿನಲ್ಲಿ 15 ಆಂಪ್ ಅಂತ ಬರೆದಿತ್ತು. ನನ್ನ ಬೋರ್ಡ್ ಎಳೆಯುವುದು 4 ಆಂಪ್ ಹತ್ತಿರ, ಮೀಟರ್ ಸರಣಿಯಲ್ಲಿ ಹಾಕಿ ನೋಡಿದ್ದೇನೆ. ಹಾಗಾಗಿ ಆಂಪ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಇಂಥ ಸಪ್ಲೈಗಳ ಪಕ್ಕದಲ್ಲಿ 110, 220 ಅಂತ ಒಂದು ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಪ್ಲಗ್ ಹಾಕುವ ಮೊದಲು ಅದು 220ರಲ್ಲಿದೆಯಾ ನೋಡಿ. 110ರಲ್ಲಿದ್ದರೆ ಒಳಗೆ ವೋಲ್ಟೇಜ್ ದುಪ್ಪಟ್ಟು ಮಾಡುವ ಸರ್ಕ್ಯೂಟ್ ಕೆಲಸ ಮಾಡುತ್ತಿರುತ್ತದೆ. ನಮ್ಮ 230 ಅದಕ್ಕೆ ಸಿಕ್ಕಿದರೆ ಕೆಪಾಸಿಟರ್ ದೀಪಾವಳಿಯೇ.

ಹೊಸ ಸಪ್ಲೈಯನ್ನು ನೇರ ಬೋರ್ಡಿಗೆ ಕೊಡಲಿಲ್ಲ. ಗ್ಯಾರೇಜಿನಿಂದ ತಂದ ಹಳೆ ಬೈಕಿನ ಹೆಡ್‌ಲೈಟ್ ಬಲ್ಬನ್ನು ಐದು ವೋಲ್ಟಿಗೆ ಕಟ್ಟಿ ಅರ್ಧ ಗಂಟೆ ಉರಿಸಿದೆ. ಲೋಡ್ ಇಲ್ಲದೆ ಅಳೆದರೆ ಇವು ಏನೇನೋ ತೋರಿಸುತ್ತವೆ. ಬಲ್ಬ್ ಮಂಕಾಗಿ ಉರಿಯಿತು, ವೋಲ್ಟೇಜ್ ಅಲ್ಲಾಡಲಿಲ್ಲ. 5.04ಕ್ಕೇ ಇಟ್ಟು ಬೋರ್ಡಿಗೆ ಕೊಟ್ಟೆ. ಖುಷಿಯಲ್ಲಿ ಎರಡನೇ ಹಂತದವರೆಗೆ ಆಡಿದೆ.

ರೀಸೆಟ್. ಮಾರಾಯ್ರೆ, ಅಳು ಬರುವುದೊಂದು ಬಾಕಿ.

ಆ ರಾತ್ರಿ ಮೀಟರಿನ ಕಡ್ಡಿಯನ್ನು ಸಪ್ಲೈಗೆ ಇಡುವ ಬದಲು ಬೋರ್ಡಿನ ಮೇಲೇ ಇಟ್ಟೆ. ಕನೆಕ್ಟರಿನಿಂದ ದೂರದ ಮೂಲೆಯಲ್ಲಿ 14 ಕಾಲಿನ ಒಂದು 74 ಸರಣಿಯ ಚಿಪ್ ಇತ್ತು. ಅಂಥವುಗಳಲ್ಲಿ ಹೆಚ್ಚಿನವಕ್ಕೆ 7ನೇ ಕಾಲು ಗ್ರೌಂಡ್, 14ನೆಯದು 5 ವೋಲ್ಟ್. ಮೀಟರ್ ತೋರಿಸಿದ್ದು 4.62. ಈ ಚಿಪ್ಪುಗಳಿಗೆ 4.75ರಿಂದ 5.25ರ ಒಳಗೆ ಬೇಕು. ಸಪ್ಲೈಯಿಂದ ಹೊರಟದ್ದು 5.04, ತಲುಪಿದ್ದು 4.62. ನಡುವೆ ತಿಂದವರು ಯಾರು?

ತಂತಿ. ಹಿಂದೆ ಯಾರೋ ಸ್ಪೀಕರಿಗೆ ಹಾಕುವಂಥ ಅರ್ಧ ಚದರ ಮಿಲಿಮೀಟರಿನ ತಂತಿ ಎಳೆದಿದ್ದರು. ಹೋಗುವಾಗ 1.2 ಮೀಟರ್, ಬರುವಾಗ ಅಷ್ಟೇ. ಅಷ್ಟು ತೆಳು ತಾಮ್ರಕ್ಕೆ ಮೀಟರಿಗೆ 0.035 ಓಮ್ ಹತ್ತಿರ ಬರುತ್ತದೆ. 2.4 ಮೀಟರ್, 4 ಆಂಪ್ ಅಂತ ಗುಣಿಸಿದರೆ ಮೂರನೇ ಒಂದು ವೋಲ್ಟ್ ದಾರಿಯಲ್ಲೇ ಖಾಲಿ. ಗ್ರೌಂಡ್ ತಂತಿಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಅರ್ಧ ನಷ್ಟ ಅಲ್ಲೇ. ಉಳಿದ ಚೂರುಪಾರು ಕನೆಕ್ಟರಿನದು. ಬೋರ್ಡನ್ನು ಕ್ಯಾಬಿನೆಟ್ಟಿನ ತಂತಿಗಳಿಗೆ ಜೋಡಿಸುವ ಜಾಮ್ಮಾ ಕನೆಕ್ಟರಿನಲ್ಲಿ 56 ಪಿನ್. ಐದು ವೋಲ್ಟಿಗೆ ನಾಲ್ಕು ಪಿನ್ ಇವೆ: ಒಂದು ಬದಿಯಲ್ಲಿ 3, 4, ಇನ್ನೊಂದು ಬದಿಯಲ್ಲಿ ಸಿ, ಡಿ. ನನ್ನದರಲ್ಲಿ ಒಂದಕ್ಕೆ ಮಾತ್ರ ತಂತಿ ಇತ್ತು. ಆ ಒಂದೂ ಕಪ್ಪಗಾಗಿತ್ತು.

ಮನೆ ವೈರಿಂಗಿನ ಒಂದೂವರೆ ಚದರ ಮಿಲಿಮೀಟರ್ ತಂತಿ ತಂದು, ನಾಲ್ಕೂ ಪಿನ್ನಿಗೆ, ಗ್ರೌಂಡಿನ ಪಿನ್ನುಗಳಿಗೂ ಬೇರೆ ಬೇರೆಯಾಗಿ ಎಳೆದೆ. ಕನೆಕ್ಟರಿನೊಳಗೆ ಕೂರುವ ಬೋರ್ಡಿನ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. ಅದೇ ಚಿಪ್ಪಿನಲ್ಲಿ 4.91 ಬಂತು. ಆಮೇಲೆ ಸಪ್ಲೈಯಲ್ಲಿ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಪುಟ್ಟ ಪಾಟ್ ತಿರುಗಿಸಿ ಚಿಪ್ಪಿನಲ್ಲಿ 5.02ಕ್ಕೆ ತಂದೆ, ಆಗ ಸಪ್ಲೈಯಲ್ಲಿ 5.14. ಕಂಪ್ಯೂಟರ್ ಸಪ್ಲೈಯಲ್ಲಿ ಹೊರಗಿನಿಂದ ಹೀಗೆ ತಿರುಗಿಸಲು ಏನೂ ಇಲ್ಲ. ಅದಕ್ಕೆ ನಾನು ವಾಪಸು ಹೋಗದ್ದು ಈ ಒಂದು ಕಾರಣಕ್ಕೆ. ತಂತಿ ಸರಿ ಮಾಡದೆ ಪಾಟನ್ನೇ ತಿರುಗಿಸಿಯೂ 5.02 ತರಬಹುದಿತ್ತು. ಆದರೆ ಇಂಥ ಸಪ್ಲೈಗಳಲ್ಲಿ 5 ಏರಿಸಿದರೆ 12 ಕೂಡ ಜೊತೆಗೇ ಏರುತ್ತದೆ. ಮೇಲಾಗಿ ನಾಳೆ ಕಡಿಮೆ ಕರೆಂಟ್ ಎಳೆಯುವ ಬೇರೆ ಬೋರ್ಡ್ ಹಾಕಿದರೆ ಅದಕ್ಕೆ ಐದೂವರೆ ಹತ್ತಿರ ಹೋದೀತು.

ಹಳೆ ಟ್ರಾನ್ಸ್‌ಫಾರ್ಮರನ್ನು ಬಂದರಿನ ಗುಜರಿಗೆ ಕೊಡಬೇಕೆಂದಿದ್ದೆ, ಕೊಡಲಿಲ್ಲ. ಪಿಕ್ಚರ್ ಟ್ಯೂಬಿನ ಮಾನಿಟರಿಗೆ ಅದೇ ಟ್ರಾನ್ಸ್‌ಫಾರ್ಮರಿನ ಒಂದು ಬೇರೆ ವೈಂಡಿಂಗಿನಿಂದ (ತಂತಿಯ ಸುತ್ತಿನಿಂದ) ಕರೆಂಟ್ ಹೋಗುತ್ತಿತ್ತು. ಅಂಥ ಮಾನಿಟರಿನ ಚಾಸಿಸ್ಸಿಗೆ ಮೇನ್ಸನ್ನು ನೇರ ಕೊಟ್ಟರೆ, ಅದರ ಗ್ರೌಂಡೇ ಶಾಕ್ ಹೊಡೆಯುವ ಗ್ರೌಂಡ್ ಆಗಬಹುದು. ಆದ್ದರಿಂದ ಅದು ಈಗಲೂ ಕ್ಯಾಬಿನೆಟ್ಟಿನ ತಳದಲ್ಲೇ ಕೂತಿದೆ, ಮಾನಿಟರಿಗೆ ಮಾತ್ರ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಆನ್ ಮಾಡುತ್ತೇನೆ, ತೇವ ಹಿಡಿಯಬಾರದು ಅಂತ. ಸಿಡಿಲು ಗುಡುಗಿದರೆ ಪ್ಲಗ್ಗೇ ಕಿತ್ತಿಡುತ್ತೇನೆ. ಕಳೆದ ಜುಲೈಯಲ್ಲಿ ಆಟ ಮತ್ತೆ ಒಮ್ಮೆ ರೀಸೆಟ್ ಆಯಿತು. ಸಪ್ಲೈಯಲ್ಲಿ 5.14, ಇದ್ದಷ್ಟೇ. ಚಿಪ್ಪಿನಲ್ಲಿ 4.7. ಪಾಟ್ ಮುಟ್ಟಲಿಲ್ಲ. ಮಗಳ ಕಂಪಾಸ್ ಪೆಟ್ಟಿಗೆಯಿಂದ ರಬ್ಬರ್ ತಂದು ಅಂಚು ಉಜ್ಜಿದೆ. 5.02.