ಹಾಳೆ ತಟ್ಟೆಯ ಘಟಕದಲ್ಲಿ ಕೆಲಸ ಹಂಚಿಕೊಂಡ ಬಗೆ

ಉಡುಪಿ ಜಿಲ್ಲೆಯ ಹಿರಿಯಡ್ಕದ ಸಮೀಪ ನಾವು ನಡೆಸುತ್ತಿರುವ ಅಡಿಕೆ ಹಾಳೆ ತಟ್ಟೆಯ ಘಟಕದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ವಿಕಲಚೇತನರು. ನೋಡಲು ಬರುವವರು ಮೊದಲು ಕೇಳುವುದು, "ಇಂಥವರಿಗೆ ಯಾವ ಕೆಲಸ ಕೊಡಬಹುದು?" ಎಂದು. ಈ ಪ್ರಶ್ನೆಗೆ ನನ್ನಲ್ಲಿ ನೇರ ಉತ್ತರವಿಲ್ಲ. ತಟ್ಟೆ ಮಾಡುವುದು ಎಂಬ ಒಂದು ಕೆಲಸದೊಳಗೆ ಎಷ್ಟು ಕೆಲಸಗಳಿವೆ ಎಂದು ಬಿಡಿಸಿ ನೋಡಿದ ಮೇಲೆ ಯಾರು ಯಾವುದನ್ನು ಮಾಡಬಲ್ಲರು ಎಂಬುದು ತಾನಾಗಿ ತಿಳಿಯಿತು.

ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಗೀರುಗಳಲ್ಲಿ ಕುಳಿತ ಮಣ್ಣನ್ನು ಉಜ್ಜಿ ತೊಳೆದು, ನೀರು ಬಸಿಯಲು ನಿಲ್ಲಿಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿ, ಕೆಟ್ಟದ್ದನ್ನು ಆರಿಸಿ ತೆಗೆದು, ಎಣಿಸಿ ಕಟ್ಟುವುದು ನಮ್ಮ ಕ್ರಮ. ತೊಳೆಯುವ ತೊಟ್ಟಿಯ ಬಳಿ ಬೌದ್ಧಿಕ ವಿಕಲತೆಯುಳ್ಳ ಯುವಕನೊಬ್ಬನಿದ್ದಾನೆ. ಮಣ್ಣು ಹೋದರೆ ಕೆಲಸ ಮುಗಿಯಿತು ಎಂಬ ಗುರುತು ಕಣ್ಣೆದುರೇ ಇರುವುದರಿಂದ ಅವನು ಯಾರನ್ನೂ ಕೇಳಬೇಕಾಗಿಲ್ಲ. ಒತ್ತುವ ಯಂತ್ರವನ್ನು ಕಾಲಿನಿಂದ ತುಳಿದು ನಡೆಸಬೇಕಿತ್ತು. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ಅಕ್ಕನಿಗಾಗಿ ಆ ತುಳಿಯುವ ಭಾಗವನ್ನು ತೆಗೆಸಿ, ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುವಂತೆ ಎರಡು ಗುಂಡಿಗಳನ್ನು ಹಾಕಿಸಿದೆವು. ಅಚ್ಚು ಇಳಿಯುವಾಗ ಕೈ ಅದರಡಿಯಲ್ಲಿ ಇರುವ ಸಂಭವವೇ ಇಲ್ಲದಿರುವುದರಿಂದ ಈಗ ಎಲ್ಲರೂ ಆ ಯಂತ್ರವನ್ನೇ ಬಯಸುತ್ತಾರೆ. ಕಿವಿ ಕೇಳದವರಿರುವ ಮೇಜಿನಲ್ಲಿ ಸಮಯ ಮುಗಿದಾಗ ಗಂಟೆಯ ಬದಲು ಕೆಂಪು ಬಲ್ಬು ಉರಿಯುತ್ತದೆ.

ಆರಿಸುವ ಕೆಲಸಕ್ಕೆ ಕಣ್ಣು ಚೆನ್ನಾಗಿರಬೇಕು ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಪೊಟ್ಟಣದೊಳಗೆ ಬೂಷ್ಟು ಹಿಡಿಯುವುದು ಒಳಗೆ ತೇವ ಉಳಿದ ತಟ್ಟೆಗೆ, ಸಾರು ಸೋರುವುದು ಕೂದಲೆಳೆಯಷ್ಟು ಬಿರುಕು ಬಿಟ್ಟ ತಟ್ಟೆಗೆ. ಇವೆರಡೂ ಬೆರಳಿಗೆ ಸಿಗುವಷ್ಟು ಬೇಗ ಕಣ್ಣಿಗೆ ಸಿಗುವುದಿಲ್ಲ. ದೃಷ್ಟಿ ತೀರ ಮಂದವಾಗಿರುವ ನಮ್ಮ ಸಹೋದ್ಯೋಗಿ ಅಂಚಿನ ಸುತ್ತ ಬೆರಳಾಡಿಸಿ ಇವನ್ನು ಬೇರ್ಪಡಿಸುತ್ತಾರೆ. ಎಣಿಕೆ ಬಾರದವರು ಕಟ್ಟು ಕಟ್ಟಲು 25 ಸೀಳುಗಳಿರುವ ಮರದ ಚೌಕಟ್ಟು ಮಾಡಿಸಿದ್ದೇವೆ: ಸೀಳು ಖಾಲಿಯಿದ್ದರೆ ಕಟ್ಟು ಪೂರ್ತಿಯಾಗಿಲ್ಲ. ಹಾಳೆಯ ದಪ್ಪ ಒಂದೇ ಸಮನಾಗಿರದ ಕಾರಣ ರಾಶಿಯ ಎತ್ತರ ಅಳೆಯುವುದು ಇಲ್ಲಿ ನಡೆಯದು.

ಕಾನೂನಿನ ಕುರಿತೂ ಒಂದು ಮಾತು ಹೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿ, ಶೇ. 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ನೀಡಿದೆ. ಆದರೆ ಸ್ಪರ್ಧಾ ಪರೀಕ್ಷೆಯನ್ನು ದಾಟಲಾಗದ, ಅದರಲ್ಲೂ ಬೌದ್ಧಿಕ ವಿಕಲತೆಯುಳ್ಳ ಹಳ್ಳಿಯ ಮಕ್ಕಳ ಪಾಲಿಗೆ ಆ ಬಾಗಿಲು ಮುಚ್ಚಿದಂತೆಯೇ ಎಂಬುದು ನನ್ನ ಅಭಿಪ್ರಾಯ. ನಮಗೆ ಅಂಥವರ ಮನೆ ತೋರಿಸಿದವರು ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು.

ಮನೆಯಿಂದ ಹೊರಡಿಸುವುದೇ ಕೆಲಸ ಕಲಿಸುವುದಕ್ಕಿಂತ ಕಷ್ಟ. ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸು ಅಲ್ಲಿ ನಡೆಯದು, ಸಮಯದ ಪೈಪೋಟಿಯಲ್ಲಿರುವ ಬಸ್ಸು ಊರುಗೋಲು ಹಿಡಿದವರು ಹತ್ತುವವರೆಗೆ ಕಾಯುವುದೂ ಕಷ್ಟ. ಆದ್ದರಿಂದ ಕೆಲಸದ ವೇಳೆಯನ್ನು ಶಾಲಾ ಮಕ್ಕಳ ನೂಕುನುಗ್ಗಲು ಕಳೆದ ಮೇಲಕ್ಕೆ ಸರಿಸಿ, ಒಳಗಿನ ಹಳ್ಳಿಗಳವರಿಗೆ ಪರಿಚಯದ ರಿಕ್ಷಾದವರನ್ನು ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿದೆವು. ಬೆಲೆ ಲೆಕ್ಕ ಹಾಕುವಾಗ ಹಾಳೆ, ವಿದ್ಯುತ್ತಿನ ಸಾಲಿನಲ್ಲೇ ಈ ಬಾಡಿಗೆಯನ್ನೂ ಬರೆಯುತ್ತೇವೆ.

ಕೊಡುವ ಹಣವನ್ನು ಪ್ರೋತ್ಸಾಹಧನವೆನ್ನದೆ ಕೂಲಿಯೆಂದೇ ಬರೆದು ಅವರವರ ಖಾತೆಗೆ ಹಾಕುತ್ತೇವೆ. ಅಲ್ಲಿಯೇ ತಂದೆತಾಯಿಯರ ಆತಂಕ ಶುರುವಾಗುತ್ತದೆ: ಆದಾಯ ಕಂಡರೆ ವಿಕಲಚೇತನರಿಗೆ ಸರ್ಕಾರ ಕೊಡುವ ಮಾಸಾಶನ ನಿಂತೀತೇ ಎಂದು. ಇದು ನಿರಾಧಾರವಾದ ಭಯವಲ್ಲ, ಮಾಸಾಶನಕ್ಕೆ ಆದಾಯದ ಮಿತಿಯಿದೆ. ಸೇರಿಸಿಕೊಳ್ಳುವ ಮೊದಲೇ ಮನೆಯವರೊಂದಿಗೆ ತಾಲೂಕು ಕಚೇರಿಗೆ ಹೋಗಿ ಕೇಳಿ ತಿಳಿದು, ಕೂಲಿ ಮತ್ತು ಮಾಸಾಶನ ಎರಡರ ಲೆಕ್ಕವನ್ನೂ ಅವರ ಮುಂದಿಡುತ್ತೇನೆ. ಬೇಡವೆಂದು ಹಿಂದೆ ಸರಿದವರನ್ನು ಒತ್ತಾಯಿಸುವುದಿಲ್ಲ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂದಿರುವುದು ಹಾಳೆ ತಟ್ಟೆಗೆ ಅನುಕೂಲವೇ. ಪೊಟ್ಟಣದ ಮೇಲೆ ವಿಕಲಚೇತನರು ತಯಾರಿಸಿದ್ದು ಎಂದು ಅಚ್ಚು ಹಾಕಿಸಲು ಹಲವರು ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ. ಕನಿಕರದಿಂದ ಕೊಳ್ಳುವವರು ಒಮ್ಮೆ ಕೊಂಡಾರು. ಮದುವೆಯ ಅಡುಗೆ ವಹಿಸಿಕೊಂಡವರಿಗೆ ಮಾತ್ರ ಪ್ರತಿ ಸಲವೂ ಸಾರು ಸೋರದ ತಟ್ಟೆ ಬೇಕು, ನಮಗೂ ಅಂಥ ಗಿರಾಕಿಯೇ ಬೇಕು. ಅವರಿಂದ ಅರ್ಧ ಹಣವನ್ನು ಮುಂಗಡವಾಗಿ ಪಡೆಯುತ್ತೇವೆ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಹಾಳೆಯನ್ನು ಬೇಸಿಗೆಯಲ್ಲೇ ಕೃಷಿಕರಿಂದ ನಗದಿಗೆ ಕೊಂಡು ಒಣಗಿಸಿಡಬೇಕಾಗುವುದರಿಂದ, ಆ ಮುಂಗಡವಿಲ್ಲದಿದ್ದರೆ ಮೇ ತಿಂಗಳ ಕೂಲಿಯನ್ನು ಹೇಳಿದ ದಿನಕ್ಕೆ ಕೊಡಲಾಗುವುದಿಲ್ಲ.